ಕಪ್ಪೆಯನ್ನು ಯಾರೂ ಕೇಳಲಿಲ್ಲ

ಸಾವಿಲ್ಲದ ಬದುಕು ಕೈಗೆ ಸಿಕ್ಕರೆ ತೆಗೆದುಕೊಳ್ಳಬೇಕೇ, ಬೇಡವೇ? ನಮ್ಮ ಕಥೆಗಳಿಗೆ ಇದು ಹಳೆಯ ಪ್ರಶ್ನೆ. ಸಮುದ್ರ ಕಡೆದ ದೇವತೆಗಳಿಗೂ ದಾನವರಿಗೂ ಅಮೃತ ಬೇಕಿತ್ತು. ಕಠೋಪನಿಷತ್ತಿನ ಹುಡುಗ ನಚಿಕೇತನಿಗೆ, ಬೇಕಾದಷ್ಟು ವರ್ಷ ಬದುಕು ಎಂದು ಯಮನೇ ಹೇಳಿದರೂ ಅದು ಬೇಡವಾಯಿತು. ಅಶ್ವತ್ಥಾಮನಿಗೆ ಅದು ಶಾಪವಾಗಿ ಬಂತು. ಇವನ್ನೆಲ್ಲ ಕೇಳುತ್ತಲೇ ಬೆಳೆದ ನಮಗೆ, ಅಮೆರಿಕದ ಲೇಖಕಿಯೊಬ್ಬರು ಇದೇ ವಿಷಯ ಹಿಡಿದು ಮಕ್ಕಳಿಗಾಗಿ ಬರೆದ ಸಣ್ಣ ಕಾದಂಬರಿಯೊಂದು ಹೊಸದಾಗಿ ಏನು ಹೇಳೀತು? ಹೇಳುತ್ತದೆ ಎಂಬುದು ನನ್ನ ಅನುಭವ. ಅದೂ ಊರು ಬಿಟ್ಟು ದೂರದಲ್ಲಿರುವ ನಮ್ಮಂಥವರಿಗೆ ಸ್ವಲ್ಪ ಚುಚ್ಚುವ ಹಾಗೆಯೇ ಹೇಳುತ್ತದೆ.

ಕಾದಂಬರಿಯ ಹೆಸರು ‘ಟಕ್ ಎವರ್‌ಲಾಸ್ಟಿಂಗ್’. ಬರೆದವರು ನ್ಯಾಟಲಿ ಬ್ಯಾಬಿಟ್, ಪ್ರಕಟವಾದದ್ದು 1975ರಲ್ಲಿ. ಕಾರ್ಖಾನೆಯೊಂದರ ಸಾಫ್ಟ್‌ವೇರ್ ಪ್ರಾಜೆಕ್ಟ್ ಹೊತ್ತು ನಾಗಪುರದ ದಕ್ಷಿಣಕ್ಕಿರುವ ಬುಟಿಬೋರಿಗೆ ಬಂದು ನನಗೆ ಇದು ಮೂರನೆಯ ವರ್ಷ. ಪುಸ್ತಕ ನಮ್ಮ ಮನೆಗೆ ಬಂದದ್ದು ಮಗಳ ಶಾಲೆಯ ಲೈಬ್ರರಿಯಿಂದ. ಹತ್ತು ವರ್ಷದ ಅವಳು ಓದಿದ ಮೇಲೆ ನಾನೂ ಓದಿದೆ.

ಕಥೆ ನಡೆಯುವುದು 1880ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಟ್ರೀಗ್ಯಾಪ್ ಎಂಬ ಹಳ್ಳಿಯ ಅಂಚಿನ ಕಾಡಿನಲ್ಲಿ. ಅಲ್ಲೊಂದು ದೊಡ್ಡ ಮರದ ಬುಡದಲ್ಲಿ ಒರತೆ ಇದೆ. 87 ವರ್ಷಗಳ ಹಿಂದೆ ಆ ದಾರಿಯಲ್ಲಿ ಬಂದ ಟಕ್ ಕುಟುಂಬ ಬಾಯಾರಿಕೆಗೆಂದು ಅದರ ನೀರು ಕುಡಿದಿತ್ತು. ಅಪ್ಪ ಆಂಗಸ್, ಅಮ್ಮ ಮೇ, ಹಿರಿಯ ಮಗ ಮೈಲ್ಸ್, ಕಿರಿಯ ಮಗ ಜೆಸ್ಸಿ. ಕುದುರೆಯೂ ಕುಡಿಯಿತು, ಬೆಕ್ಕು ಮಾತ್ರ ಕುಡಿಯಲಿಲ್ಲ. ಕೆಲವು ವರ್ಷಗಳಲ್ಲಿ ಬೆಕ್ಕು ಸತ್ತಿತು. ಕುದುರೆಗೆ ಬೇಟೆಗಾರರ ಗುಂಡು ತಗುಲಿದರೂ ಏನೂ ಆಗಲಿಲ್ಲ. ಮನುಷ್ಯರಿಗೂ ವಯಸ್ಸು ಏರಲಿಲ್ಲ. ಕಥೆಯ ಕಾಲಕ್ಕೆ ಜೆಸ್ಸಿಗೆ 104 ವರ್ಷ, ನೋಡಲು 17. ಆ ಕಾಡಿನ ಒಡೆಯರ ಮನೆಯ ಹತ್ತು ವರ್ಷದ ಹುಡುಗಿ ವಿನಿ ಫಾಸ್ಟರ್ ಒಂದು ದಿನ ಅವನು ಆ ನೀರು ಕುಡಿಯುವುದನ್ನು ನೋಡಿಬಿಡುತ್ತಾಳೆ. ಗುಟ್ಟು ಹೊರಬೀಳಬಾರದೆಂದು ಟಕ್ ಕುಟುಂಬ ಅವಳನ್ನು ತಮ್ಮ ಮನೆಗೆ ಕರೆದೊಯ್ಯುತ್ತದೆ.

ಪುಸ್ತಕ ಓದುವಾಗ ನನ್ನನ್ನು ಮೊದಲು ತಟ್ಟಿದ್ದು ಅಮರತ್ವಕ್ಕಿಂತ ಹೆಚ್ಚಾಗಿ ಆ ಮನೆಯವರ ವಲಸೆ. ಮೈಲ್ಸ್ ಬಡಗಿ ಕೆಲಸ, ಕಮ್ಮಾರಿಕೆ ಬಲ್ಲವನು. ಜೆಸ್ಸಿ ಸಿಕ್ಕ ಕೆಲಸ ಮಾಡುವವನು. ಯಾವ ಊರಿನಲ್ಲೂ ಹೆಚ್ಚು ವರ್ಷ ನಿಲ್ಲುವ ಹಾಗಿಲ್ಲ, ಇವರಿಗೆ ವಯಸ್ಸೇ ಆಗುತ್ತಿಲ್ಲವಲ್ಲ ಎಂದು ಜನ ಗಮನಿಸುವ ಮೊದಲೇ ಗಂಟುಮೂಟೆ ಕಟ್ಟಬೇಕು. ಅಮ್ಮ ಮಕ್ಕಳು ಸೇರುವುದು ಹತ್ತು ವರ್ಷಕ್ಕೊಮ್ಮೆ, ಆ ಒರತೆಯ ಬಳಿ. ಸಮಯಕ್ಕೆ ಬರವಿಲ್ಲದ ಮನೆಯಲ್ಲೂ ಒಟ್ಟಿಗೆ ಕೂತು ಉಣ್ಣುವ ದಿನಗಳಿಗೆ ಬರ. ಮೂರು ವರ್ಷ ಇಲ್ಲಿ, ನಾಲ್ಕು ವರ್ಷ ಅಲ್ಲಿ ಎಂದು ಬಾಡಿಗೆ ಕರಾರುಗಳಲ್ಲೇ ಬದುಕು ಅಳೆಯುವ ನಾವು ಇದನ್ನು ಯಾರಿಂದಲೂ ವಿವರಿಸಿ ಹೇಳಿಸಿಕೊಳ್ಳಬೇಕಿಲ್ಲ.

ಒಂದೇ ನೀರು ಕುಡಿದ ನಾಲ್ವರೂ ಅದನ್ನು ನಾಲ್ಕು ಬಗೆಯಲ್ಲಿ ಹೊರುತ್ತಾರೆ. ಜೆಸ್ಸಿಗೆ ಅದು ಮುಗಿಯದ ರಜೆ. ಮೇಗೆ ಅದು ಬಂದದ್ದು ಬಂದ ಹಾಗೆ, ದಿನದ ಅಡುಗೆ ಬಟ್ಟೆಯ ಹಾಗೆ. ಮೈಲ್ಸ್ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವನು. ನಲವತ್ತು ದಾಟಿದರೂ ಇಪ್ಪತ್ತೆರಡರವನ ಹಾಗೆ ಕಾಣುತ್ತಿದ್ದ ಅವನನ್ನು ಕಂಡು ಹೆದರಿದ ಹೆಂಡತಿ, ಇವನು ಸೈತಾನನಿಗೆ ಆತ್ಮ ಮಾರಿಕೊಂಡಿದ್ದಾನೆಂದು ಎರಡು ಮಕ್ಕಳನ್ನೂ ಕರೆದುಕೊಂಡು ಹೊರಟುಹೋದಳು. ಆಂಗಸ್‌ಗೆ ಅದು ಸ್ಪಷ್ಟವಾಗಿ ಶಿಕ್ಷೆ. ತಾವೆಲ್ಲ ಸತ್ತು ಸ್ವರ್ಗದಲ್ಲಿರುವ ಕನಸು ಕಂಡಾಗ ಮಾತ್ರ ಅವನ ಮುಖದಲ್ಲಿ ನಗೆ. ಅವನು ವಿನಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಕೊಳದ ಮಧ್ಯಕ್ಕೆ ಹೋಗಿ ತನ್ನ ಸಂಕಟ ಹೇಳಿಕೊಳ್ಳುವ ಅಧ್ಯಾಯವೇ ಪುಸ್ತಕದ ಹೃದಯ. ನೀರು ಹರಿದು ಸಮುದ್ರಕ್ಕೆ ಹೋಗುತ್ತದೆ, ಮೋಡವಾಗುತ್ತದೆ, ಮಳೆಯಾಗಿ ಮರಳುತ್ತದೆ. ದೋಣಿ ಮಾತ್ರ ಬೇರುಗಳಿಗೆ ಸಿಕ್ಕಿ ನಿಂತಿದೆ, ತಾವು ಹಾಗೆ ನಿಂತುಹೋದವರು ಎನ್ನುವುದು ಅವನ ಮಾತಿನ ಸಾರ. ಹತ್ತು ವರ್ಷದ ಮಗುವಿಗೆ ಯಾರಾದರೂ ಸಾವಿನ ಬಗ್ಗೆ ಇಷ್ಟು ಗೌರವದಿಂದ ಮಾತಾಡಿದ್ದನ್ನು ನಾನು ಬೇರೆಡೆ ಓದಿಲ್ಲ.

ಈ ನಾಲ್ವರಲ್ಲಿ ಸಮಾನವಾದದ್ದು ಒಂದಿದೆ. ಅಮರತ್ವ ಬೇಕೆಂದು ಅವರಲ್ಲಿ ಯಾರೂ ಕೇಳಿರಲಿಲ್ಲ. ಅವರು ಕುಡಿದದ್ದು ಬರೀ ನೀರೆಂದುಕೊಂಡು.

ಹಳದಿ ಸೂಟು ತೊಟ್ಟ ಮನುಷ್ಯ ಕಥೆಗೆ ಬರುವುದು ಇಲ್ಲಿ. ಅವನಿಗೆ ಹೆಸರೇ ಇಲ್ಲ. ಅಜ್ಜಿಯ ಬಾಯಲ್ಲಿ ಕೇಳಿದ ಸಾವಿಲ್ಲದ ಮನೆಯವರ ಕಥೆಯನ್ನು ಬೆನ್ನಟ್ಟಿ ಬಂದವನು. ವಿನಿ ಎಲ್ಲಿದ್ದಾಳೆಂದು ಹೇಳುವುದಕ್ಕೆ ಬದಲಾಗಿ ಫಾಸ್ಟರ್ ಮನೆಯವರಿಂದ ಕಾಡನ್ನೇ ಬರೆಸಿಕೊಳ್ಳುತ್ತಾನೆ. ಒರತೆಯ ನೀರನ್ನು ಯೋಗ್ಯರೆಂದು ತಾನು ಆರಿಸಿದವರಿಗೆ ದುಬಾರಿ ಬೆಲೆಗೆ ಮಾರುವುದು ಅವನ ಯೋಜನೆ. ನಮ್ಮ ವೃತ್ತಿಯವರಿಗೆ ಈ ಯೋಜನೆ ಅಪರಿಚಿತವೇನಲ್ಲ, ಸ್ಲೈಡುಗಳು ಮಾತ್ರ ಇಲ್ಲ ಅಷ್ಟೆ. ಟಕ್ ಕುಟುಂಬ ಒಪ್ಪದಿದ್ದಾಗ ಅವನು, ಹಾಗಾದರೆ ವಿನಿಗೇ ನೀರು ಕುಡಿಸಿ ಜನರ ಮುಂದೆ ನಿಲ್ಲಿಸುತ್ತೇನೆ ಎನ್ನುತ್ತಾನೆ. ಆ ಕ್ಷಣದಲ್ಲಿ ಮೇ ಬಂದೂಕಿನ ಹಿಂಬದಿಯಿಂದ ಅವನ ತಲೆಗೆ ಹೊಡೆಯುತ್ತಾಳೆ. ಅವನು ಸಾಯುತ್ತಾನೆ. ಕೊಲೆ ಕೊಲೆಯೇ, ಲೇಖಕಿ ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹೆಂಗಸಿನ ಕೈ ಮೇಲೆದ್ದದ್ದು ಯಾವುದಕ್ಕೆ ಎಂಬುದನ್ನು ಗಮನಿಸಬೇಕು. ನೀರು ಮಾರುತ್ತೇನೆ ಎಂದಾಗ ಅವಳು ತಡೆದುಕೊಂಡಿದ್ದಳು. ತಮಗೆ ಆದದ್ದು ಆ ಮಗುವಿಗೂ, ಅದರ ಇಚ್ಛೆ ಕೇಳದೆ, ಆಗುತ್ತದೆ ಎಂದಾಗ ತಡೆದುಕೊಳ್ಳಲಿಲ್ಲ.

ಕೇಳದೆ ಕೊಡುವುದು, ಕೇಳದೆ ತೆಗೆದುಕೊಳ್ಳುವುದು ಕನ್ನಡದ ಓದುಗರಿಗೆ ಹೊಸತಲ್ಲ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ (1961) ನೆನಪಿಸಿಕೊಳ್ಳಿ. ಆಕ್ಸ್‌ಫರ್ಡಿಗೆ ಹೊರಟು ನಿಂತ ಹೊತ್ತಿನಲ್ಲಿ, ಮನೆಯವರ ಆತಂಕದ ನಡುವೆ ಬರೆದ ನಾಟಕ ಅದು. ವಲಸೆ ಹೊರಟ ಮಗ ಬರೆದದ್ದು ಎಂದರೂ ಸರಿಯೇ. ತಂದೆಯ ಮುಪ್ಪನ್ನು ಪೂರು ಹೊತ್ತುಕೊಳ್ಳುತ್ತಾನೆ, ಪುರಾಣ ಅದನ್ನು ತ್ಯಾಗವೆಂದು ಹಾಡಿ ಹೊಗಳುತ್ತದೆ. ಕಾರ್ನಾಡರು ಅಲ್ಲಿಗೆ ಪೂರುವಿನ ಹೆಂಡತಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದರು. ಗಂಡ ಒಂದೇ ದಿನದಲ್ಲಿ ಮುದುಕನಾಗುವ ಈ ವ್ಯವಹಾರದಲ್ಲಿ ಅವಳನ್ನು ಯಾರೂ ಕೇಳಲಿಲ್ಲ. ಅವಳು ಜೀವ ಬಿಡುತ್ತಾಳೆ. ಯಯಾತಿ ಎಚ್ಚರಗೊಳ್ಳುವುದು ಆಮೇಲೆ.

ಇದು ಪುರಾಣದಲ್ಲಿ ಉಳಿದುಹೋದ ಆಸೆಯೂ ಅಲ್ಲ. ಅಮೆರಿಕದ ತಂತ್ರಜ್ಞಾನ ಉದ್ಯಮಿ ಬ್ರಯಾನ್ ಜಾನ್ಸನ್ 2023ರಲ್ಲಿ ತನ್ನ 17 ವರ್ಷದ ಮಗನ ರಕ್ತದ ಪ್ಲಾಸ್ಮಾವನ್ನು ತನ್ನ ದೇಹಕ್ಕೆ ಏರಿಸಿಕೊಂಡ. ಪ್ರಯೋಜನ ಕಾಣಲಿಲ್ಲವೆಂದು ನಂತರ ಅವನೇ ಹೇಳಿ ನಿಲ್ಲಿಸಿದ. ಮಗ ಒಪ್ಪಿದ್ದನಲ್ಲ ಎನ್ನಬಹುದು. ಪೂರುವೂ ಒಪ್ಪಿದ್ದ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಸಾವು ಒಳ್ಳೆಯದು, ಚಕ್ರ ತಿರುಗಲಿ ಎಂಬ ಆಂಗಸ್‌ನ ಮಾತು ಹೊಟ್ಟೆ ತುಂಬಿದವರ ವೇದಾಂತವಲ್ಲವೇ? ಬುಟಿಬೋರಿಯ ಶೆಡ್ಡುಗಳಲ್ಲಿ ಮೂರು ಪಾಳಿಯಲ್ಲಿ ದುಡಿಯುವ ಗುತ್ತಿಗೆ ಕಾರ್ಮಿಕನ ಮುಂದೆ ನಿಂತು ದೀರ್ಘಾಯುಷ್ಯ ಭಾರ ಕಣಪ್ಪಾ ಎಂದು ಹೇಳುವ ಧೈರ್ಯ ನನಗಿಲ್ಲ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ ಇತ್ತು. ಈಗ ಸುಮಾರು 70. ಶುದ್ಧ ನೀರು, ಲಸಿಕೆ, ಆ್ಯಂಟಿಬಯಾಟಿಕ್, ಹೆರಿಗೆ ಆಸ್ಪತ್ರೆ ಎಲ್ಲ ಸೇರಿ ನಮಗೆ ಇನ್ನೊಂದು ಜನ್ಮದಷ್ಟೇ ವರ್ಷ ಕೊಟ್ಟಿವೆ. ಅಂದರೆ ಒರತೆಯ ನೀರಿನ ಒಂದು ಗುಟುಕು ನಾವಾಗಲೇ ಕುಡಿದಿದ್ದೇವೆ, ಕುಡಿದದ್ದು ಒಳ್ಳೆಯದೇ ಆಯಿತು. ಮಗುವಿಗೆ ಜ್ವರ ಏರಿದ ರಾತ್ರಿ ಯಾವ ತಾಯಿಯೂ ಚಕ್ರದ ಮಾತಾಡುವುದಿಲ್ಲ, ಆಡಲೂಬಾರದು. ಎಲ್ಲರಿಗೂ ಒಂದು ಪೂರ್ತಿ ಸುತ್ತು ಸಿಗಲಿ, ಆಮೇಲೆ ಚಕ್ರದ ಮಾತು.

ಆದ್ದರಿಂದ ಆಯುಸ್ಸು ಬೇಕೇ ಬೇಡವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಈ ಕಾದಂಬರಿಯನ್ನು ಮೆಚ್ಚಿದ ಬಹುಪಾಲು ಜನ ವಿನಿಯ ಉತ್ತರವನ್ನು ಮೆಚ್ಚುತ್ತಾರೆ. ಜೆಸ್ಸಿ ಅವಳ ಕೈಗೆ ಒಂದು ಸಣ್ಣ ಸೀಸೆಯಲ್ಲಿ ಆ ನೀರು ಕೊಟ್ಟು, ನಿನಗೆ ಹದಿನೇಳಾದಾಗ ಕುಡಿ, ಇಬ್ಬರೂ ಮದುವೆಯಾಗಿ ಲೋಕ ಸುತ್ತೋಣ ಎಂದಿರುತ್ತಾನೆ. ಅವಳು ಕುಡಿಯುವುದಿಲ್ಲ. ಕೊನೆಯ ಅಧ್ಯಾಯದಲ್ಲಿ, 1950ರಲ್ಲಿ, ಆಂಗಸ್ ಮತ್ತು ಮೇ ಟ್ರೀಗ್ಯಾಪಿಗೆ ಮರಳಿದಾಗ ಸ್ಮಶಾನದಲ್ಲಿ ಅವಳ ಸಮಾಧಿಯ ಕಲ್ಲು ಕಾಣುತ್ತದೆ. 1870ರಲ್ಲಿ ಹುಟ್ಟಿ, 1948ರಲ್ಲಿ ತೀರಿಕೊಂಡ ಹೆಂಡತಿ ಮತ್ತು ತಾಯಿ. ಒಂದು ಪೂರ್ತಿ ಸುತ್ತು.

ನನ್ನ ಮಗಳಿಗೆ ಮಾತ್ರ ಈ ಕಲ್ಲಿಗಿಂತ ಬೇರೆಯದೇ ಚಿಂತೆ. “ಅಪ್ಪಾ, ಆ ಕಪ್ಪೆಗೆ ಯಾಕೆ ಹಾಕಿದಳು? ಅದೇನು ಕೇಳಿತ್ತಾ?”

ಹೌದು, ಕಪ್ಪೆ. ವಿನಿಯ ಮನೆಯ ಬೇಲಿಯಾಚೆ ಒಂದು ಕಪ್ಪೆ ಆಗಾಗ ಬಂದು ಕೂರುತ್ತದೆ, ಒಂಟಿ ಹುಡುಗಿಗೆ ಅದೇ ಗೆಳೆಯ. ಒಂದು ದಿನ ನಾಯಿಯೊಂದು ಅದರ ಮೇಲೆರಗಲು ಬರುತ್ತದೆ. ವಿನಿ ಅದನ್ನು ಎತ್ತಿಕೊಂಡು ಕಾಪಾಡಿ, ಇನ್ನೆಂದೂ ನಿನಗೆ ಏನೂ ಆಗದಿರಲಿ ಎಂದು ಸೀಸೆಯ ನೀರನ್ನೆಲ್ಲ ಅದರ ಮೇಲೆ ಸುರಿದುಬಿಡುತ್ತಾಳೆ. ತನಗೆ ಬೇಡವಾದದ್ದನ್ನು, ಅಥವಾ ಇನ್ನೂ ನಿರ್ಧರಿಸದೆ ಇಟ್ಟುಕೊಂಡಿದ್ದನ್ನು, ಬಾಯಿಲ್ಲದ ಜೀವಕ್ಕೆ ಕೊಡುತ್ತಾಳೆ. ಕೊಟ್ಟದ್ದು ಪ್ರೀತಿಯಿಂದ, ಅದರಲ್ಲಿ ಸಂಶಯವಿಲ್ಲ. ಆದರೂ ಆಂಗಸ್ ಯಾವುದನ್ನು ಶಿಕ್ಷೆ ಎಂದು ಅವಳಿಗೆ ಹೇಳಿದ್ದನೋ ಅದೇ ಅದಕ್ಕೆ ಸಿಕ್ಕಿತು. 1948ರಲ್ಲಿ ವಿನಿ ಹೋದಳು. ಕಪ್ಪೆ ಉಳಿಯಿತು.

ಈ ಎರಡನೆಯ ತೀರ್ಮಾನವೇ ಪುಸ್ತಕದ ನಿಜವಾದ ನೈತಿಕ ಪ್ರಶ್ನೆ ಎಂದು ನನಗೆ ಅನ್ನಿಸುತ್ತದೆ. ನನ್ನ ಆಯುಸ್ಸಿನ ಬಗ್ಗೆ ನಾನು ತೀರ್ಮಾನ ಮಾಡಬಹುದು. ಇನ್ನೊಬ್ಬರ ಆಯುಸ್ಸನ್ನು, ಅವರನ್ನು ಕೇಳದೆ, ಪ್ರೀತಿಯ ಹೆಸರಿನಲ್ಲಿ ನಾನು ಹಿಗ್ಗಿಸಬಹುದೇ?

ಈ ಪ್ರಶ್ನೆಯ ಎರಡು ತುದಿಗಳಂಥ ಇಬ್ಬರು ಈ ಮಹಾರಾಷ್ಟ್ರದಲ್ಲೇ ಆಗಿಹೋಗಿದ್ದಾರೆ. ಬುಟಿಬೋರಿಯಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಹೈದರಾಬಾದ್ ದಾಟಿ ಬೆಂಗಳೂರಿಗೆ ಹೋಗುವ 44, ನಮ್ಮೂರ ಕಡೆಯದು. ಇನ್ನೊಂದು ವರ್ಧಾ ರಸ್ತೆ. ಆ ರಸ್ತೆಯಲ್ಲಿ ವರ್ಧಾ ಊರಿಗೆ ಸ್ವಲ್ಪ ಮೊದಲು ಧಾಮ್ ನದಿಯ ದಂಡೆಯಲ್ಲಿ ಪವನಾರ್ ಇದೆ, ವಿನೋಬಾ ಭಾವೆಯವರ ಆಶ್ರಮ. ಕನ್ನಡ ಲಿಪಿಯನ್ನು ಲಿಪಿಗಳ ರಾಣಿ ಎಂದು ಕರೆದರೆಂದು ಪ್ರತಿ ನವೆಂಬರ್‌ನಲ್ಲಿ ನಾವು ನೆನೆಯುವ ಅದೇ ವಿನೋಬಾ. 1982ರ ನವೆಂಬರ್‌ನಲ್ಲಿ ಕಾಯಿಲೆ ಬಿದ್ದ ಅವರು ಅನ್ನ, ನೀರು, ಔಷಧ ಎಲ್ಲವನ್ನೂ ಬಿಟ್ಟರು. ತೆಗೆದುಕೊಳ್ಳಿ ಎಂದವರ ಮಾತಿಗೆ ಒಪ್ಪಲಿಲ್ಲ. ನವೆಂಬರ್ 15ರಂದು ತೀರಿಕೊಂಡರು. ಆಗ ಅವರಿಗೆ 87. ಟಕ್ ಕುಟುಂಬ ನೀರು ಕುಡಿದು ಕಳೆದ ವರ್ಷಗಳೂ 87 ಎಂಬುದು ಬರೀ ಕಾಕತಾಳೀಯ, ಆದರೂ ಪವನಾರಿಗೆ ಹೋದಾಗ ನೆನಪಾಗದೆ ಇರುವುದಿಲ್ಲ. ವಿನೋಬಾ ಮಾಡಿದ್ದು ಸರಿಯೋ ತಪ್ಪೋ ಎಂದು ಜನ ವಾದಿಸಬಹುದು. ಅದು ಅವರ ಇಚ್ಛೆಯೇ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿರಲಿಲ್ಲ, ಏಕೆಂದರೆ ಅದನ್ನು ಹೇಳಲು ಅವರೇ ಇದ್ದರು.

ಇನ್ನೊಂದು ತುದಿಯಲ್ಲಿ ಇರುವವರು ನಮ್ಮ ಹಾಗೆಯೇ ಊರು ಬಿಟ್ಟು ಬಂದ ಕನ್ನಡತಿ. ಅರುಣಾ ಶಾನಭಾಗ್, ಉತ್ತರ ಕನ್ನಡದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯ ನರ್ಸ್. 1973ರ ನವೆಂಬರ್ 27ರಂದು ಆಸ್ಪತ್ರೆಯ ನೌಕರನೊಬ್ಬ ನಡೆಸಿದ ಕ್ರೂರ ದಾಳಿಯಲ್ಲಿ ಮಿದುಳಿಗೆ ಪೆಟ್ಟಾಗಿ ಅವರು ಹಾಸಿಗೆಗೆ ಬಿದ್ದರು. ಮತ್ತೆ ಏಳಲಿಲ್ಲ, ಮಾತಾಡಲಿಲ್ಲ. ಆಹಾರ ಕೊಡುವುದನ್ನು ನಿಲ್ಲಿಸಿ ಅವರಿಗೆ ಬಿಡುಗಡೆ ಕೊಡಬೇಕೆಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯ ನರ್ಸುಗಳು ಕೂಡದು ಎಂದರು. 2011ರ ಮಾರ್ಚ್ 7ರಂದು ಕೋರ್ಟ್ ಅರ್ಜಿಯನ್ನು ತಳ್ಳಿತು, ಆದರೆ ಇಂಥ ಸ್ಥಿತಿಯಲ್ಲಿ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯಲು ದೇಶದಲ್ಲಿ ಮೊದಲ ಬಾರಿಗೆ ದಾರಿಯನ್ನೂ ತೋರಿಸಿತು. ತೀರ್ಪು ಕೊಟ್ಟ ನ್ಯಾಯಮೂರ್ತಿಗಳಲ್ಲಿ ಒಬ್ಬರ ಹೆಸರು, ಯಮನಿಂದ ತಪ್ಪಿಸಿಕೊಂಡ ಬಾಲಕನದೇ, ಮಾರ್ಕಂಡೇಯ ಕಾಟ್ಜು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ನರ್ಸುಗಳು ಮಾಡಿದ್ದು ಸರಿಯೇ? ಅರುಣಾ ಅವರನ್ನು ಕೇಳಲು ಸಾಧ್ಯವಿರಲಿಲ್ಲ. ವಿನಿಯ ಹಾಗೆಯೇ ಅವರೂ ಪ್ರೀತಿಯಿಂದ, ಬಾಯಿಲ್ಲದ ಜೀವದ ಪರವಾಗಿ ತೀರ್ಮಾನಿಸಿದರು. ಆದರೆ ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ವಿನಿ ನೀರು ಸುರಿದು ಒಳಗೆ ಹೋದಳು. ಈ ನರ್ಸುಗಳು ಸುಮಾರು 42 ವರ್ಷ ಪಕ್ಕದಲ್ಲಿ ನಿಂತರು. ಒಬ್ಬರು ನಿವೃತ್ತರಾದರೆ ಇನ್ನೊಬ್ಬರು ಬಂದರು. ಅಷ್ಟು ಕಾಲ ಮಲಗಿದ್ದ ದೇಹಕ್ಕೆ ಒಂದು ಬೆಡ್‌ಸೋರ್ ಕೂಡ ಆಗಿರಲಿಲ್ಲ ಎಂಬುದು ಕೋರ್ಟಿನ ಕಡತದಲ್ಲೇ ದಾಖಲಾಗಿದೆ. ಅವರ ತೀರ್ಮಾನವನ್ನು ನಾನು ಒಪ್ಪದೇ ಇರಬಹುದು. ಅದನ್ನು ತೆಗೆದುಕೊಳ್ಳುವ ಅಧಿಕಾರವನ್ನು ಅವರು ದಿನದಿನವೂ ದುಡಿದು ಪಡೆದಿದ್ದರು ಎಂಬುದನ್ನು ಅಲ್ಲಗಳೆಯಲಾರೆ. ಕೇಳದೆ ಆಯುಸ್ಸು ಕೊಟ್ಟವರು ಆ ಆಯುಸ್ಸಿನ ಪಕ್ಕದಲ್ಲಿ ಇರಬೇಕು. ಇರಲಾರೆವು ಎಂದಾದರೆ, ಕೇಳಬಹುದಾದ ಕಾಲದಲ್ಲಿ ಕೇಳಿಯಾದರೂ ಇಟ್ಟುಕೊಳ್ಳಬೇಕು.

ವಲಸಿಗರಾದ ನಾವು ಇಲ್ಲಿಯೇ ಸಿಕ್ಕಿಬೀಳುವುದು. ಕಳೆದ ವರ್ಷ ನಮ್ಮ ತಂಡದ ಒಬ್ಬರ ತಂದೆ ಊರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದರು. ಮೂವರು ಮಕ್ಕಳು ಮೂರು ದೇಶಕಾಲಗಳಲ್ಲಿ, ಎಲ್ಲರೂ ಒಂದೇ ವಿಡಿಯೋ ಕಾಲ್‌ನಲ್ಲಿ. ಮೂವರೂ ಹೇಳಿದ್ದು ಒಂದೇ ಮಾತು: “ಏನೇನು ಸಾಧ್ಯವೋ ಎಲ್ಲಾ ಮಾಡಿ ಡಾಕ್ಟ್ರೇ, ಖರ್ಚಿಗೆ ಯೋಚಿಸಬೇಡಿ.” ವೈದ್ಯರು ಮೆತ್ತಗೆ, “ಅವರಿಗೆ ಏನು ಬೇಕಿತ್ತು ಅಂತ ಯಾವತ್ತಾದರೂ ಹೇಳಿದ್ದರಾ?” ಎಂದರಂತೆ. ಯಾರ ಬಳಿಯೂ ಉತ್ತರವಿರಲಿಲ್ಲ. ನಾವು ಕೆಟ್ಟ ಮಕ್ಕಳಲ್ಲ. ಭಾನುವಾರ ತಪ್ಪದೆ ಫೋನ್ ಮಾಡುತ್ತೇವೆ. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಬಿ.ಪಿ. ಎಷ್ಟಿತ್ತು ಎಂದೆಲ್ಲ ಕೇಳುತ್ತೇವೆ. ಇದೊಂದನ್ನು ಬಿಟ್ಟು. ಸಾವಿನ ಮಾತೆತ್ತಿದರೆ ಸಾಕು, ಆ ಕಡೆಯಿಂದ “ಬಿಡ್ತು ಅನ್ನು” ಎಂದು ಬರುತ್ತದೆ, ನಾವೂ ಹಗುರಾಗಿ ಬಿಟ್ಟುಬಿಡುತ್ತೇವೆ. ದೂರದಲ್ಲಿದ್ದೇವೆ ಎಂಬ ಅಳುಕು ‘ಎಲ್ಲಾ ಮಾಡಿ’ ಎಂಬ ಮಾತಿನೊಳಗೆ ಎಷ್ಟು ಪಾಲು ಇರುತ್ತದೆ ಎಂಬುದನ್ನು ಪ್ರತಿಯೊಬ್ಬರೂ ತಮ್ಮೊಳಗೇ ಕೇಳಿಕೊಳ್ಳಬೇಕು. ಸೀಸೆಯಲ್ಲಿರುವ ನೀರು ಕೆಲವೊಮ್ಮೆ ನಮ್ಮ ಸಮಾಧಾನಕ್ಕೆ ಬೇಕಾದದ್ದು. ಸುರಿಯುವುದು ಮಾತ್ರ ಅವರ ಮೇಲೆ.

ಕೇಳಿ ಬರೆದಿಟ್ಟುಕೊಳ್ಳಲು ಈಗ ಕಾನೂನಿನ ದಾರಿಯೂ ಇದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಡುವುದಕ್ಕೆ ಮಾನ್ಯತೆ ಕೊಟ್ಟಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ನಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕು. ಚಿಕಿತ್ಸೆ ನಿಲ್ಲಿಸುವ ಮೊದಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಇದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಆದರೆ ಕಾಗದ ಕೊನೆಯ ಮೆಟ್ಟಿಲು. ಮೊದಲು ಮಾತಾಗಬೇಕು.

ತಿಪಟೂರಿನಲ್ಲಿರುವ ನನ್ನ ಅಮ್ಮನಿಗೆ ಈ ಸಲದ ಯುಗಾದಿ ರಜೆಯಲ್ಲಿ ಈ ಕಾದಂಬರಿಯ ಕಥೆ ಹೇಳಿದೆ. ಆಮೇಲೆ, “ನಿಂಗೇನು ಇಷ್ಟ ಅಮ್ಮ, ಅಂಥ ಹೊತ್ತು ಬಂದರೆ?” ಎಂದು ಕೇಳಿದೆ. ಬಿಡ್ತು ಅನ್ನು ಎನ್ನಲಿಲ್ಲ. ಹುರುಳಿಕಾಯಿ ನಾರು ತೆಗೆಯುತ್ತಲೇ ಸ್ವಲ್ಪ ಹೊತ್ತು ಯೋಚಿಸಿದರು. “ಮೂಗಿಗೆ ನಳಿಗೆ ಹಾಕಿ ಮಲಗಿಸೋದು ಬೇಡ ಕಣೋ. ನಿಮ್ಮಪ್ಪನ್ನ ನೋಡಿದೀನಲ್ಲ. ಆದ್ರೆ ಕಣ್ಣಿನ ಪೊರೆ ಆಪರೇಷನ್ ಮುಂದಕ್ಕೆ ಹಾಕ್ತಾ ಬಂದಿದೀರ, ಅದನ್ನ ಮಾಡಿಸಿ. ಪೇಪರ್ ಓದಕ್ಕಾಗ್ತಿಲ್ಲ.” ಎಪ್ಪತ್ತೆಂಟರ ಹೆಂಗಸಿಗೆ ಎಷ್ಟು ಆಯುಸ್ಸು ಬೇಕು, ಎಂಥದ್ದು ಬೇಕು ಎಂಬುದರ ಲೆಕ್ಕ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಕೇಳುವವರು ಬೇಕಿತ್ತು.

ಕಾದಂಬರಿಯ ಕೊನೆಯ ಪುಟಕ್ಕೆ ಬರುತ್ತೇನೆ. ವಿನಿಯ ಸಮಾಧಿ ನೋಡಿಕೊಂಡು ಹೊರಟ ಆಂಗಸ್‌ಗೆ ರಸ್ತೆಯ ನಡುವೆ ಒಂದು ಕಪ್ಪೆ ಕಾಣುತ್ತದೆ. ಗಾಡಿ ಬಂದರೂ ಕದಲದೆ ಕುಳಿತಿದೆ. ತನಗೆ ಸಾವೇ ಇಲ್ಲವೆಂದು ತಿಳಿದುಕೊಂಡಿದೆ ಈ ಪೆದ್ದು ಎಂಬ ಅರ್ಥದ ಮಾತಾಡುತ್ತ ಅವನು ಗಾಡಿಯಿಂದ ಇಳಿದು, ಅದನ್ನು ಎತ್ತಿ ರಸ್ತೆಯ ಅಂಚಿಗೆ ಬಿಡುತ್ತಾನೆ. ಅದು ಯಾವ ಕಪ್ಪೆ ಎಂದು ಅವನಿಗೆ ಗೊತ್ತಿಲ್ಲ, ಓದುವ ಮಕ್ಕಳಿಗೆ ಗೊತ್ತು. ಅಮರರಲ್ಲೊಬ್ಬ ಇನ್ನೊಂದು ಅಮರ ಜೀವಕ್ಕೆ ಮಾಡಬಹುದಾದದ್ದು ಅಷ್ಟೇ, ಚಕ್ರದ ಅಡಿಯಿಂದ ಎತ್ತಿ ಪಕ್ಕಕ್ಕೆ ಇಡುವುದು. ನಮಗೆ ಅದಕ್ಕಿಂತ ಹೆಚ್ಚಿನದು ಸಾಧ್ಯವಿದೆ. ನಮ್ಮವರಿಗೆ ಬಾಯಿದೆ, ಕಿವಿಯಿದೆ, ನಮ್ಮ ಕೈಯಲ್ಲಿ ಫೋನ್ ಇದೆ. ಮುಂದಿನ ಭಾನುವಾರ ಮಾತ್ರೆ ತಗೊಂಡ್ರಾ ಎಂದು ಕೇಳಿದ ಮೇಲೆ ಇನ್ನೂ ಒಂದು ಪ್ರಶ್ನೆ ಕೇಳಿ ನೋಡಿ. ಬಿಡ್ತು ಅನ್ನು ಎಂದರೆ, ಅದರ ಮುಂದಿನ ಭಾನುವಾರ ಇನ್ನೊಮ್ಮೆ.